ಓದುಗರ ಪ್ರಶ್ನೆ, ನಮ್ಮ ಉತ್ತರ: ಸ್ಪೇನಿನ ಮಧ್ಯಯುಗದ ಚರ್ಚುಗಳು

ಸ್ಪೇನ್ ದೇಶದ ಸಾಂತಿಯಾಗೊ ಯಾತ್ರಾಮಾರ್ಗವನ್ನು ಕುರಿತು ಹಿಂದಿನ ಸಂಚಿಕೆಯಲ್ಲಿ ಪ್ರಕಟವಾದ ಲೇಖನವನ್ನು ಓದಿ ಹಾಸನ ಮತ್ತು ಚಿಕ್ಕಮಗಳೂರು ಜಿಲ್ಲೆಗಳಿಂದ ಬಂದ ಪತ್ರಗಳಲ್ಲಿ ಹೆಚ್ಚಿನವು ಅಲ್ಲಿನ ಚರ್ಚುಗಳ ಕಟ್ಟಡ ಕಲೆಯನ್ನೇ ವಿಚಾರಿಸಿವೆ. ಹೊಯ್ಸಳರ ಗುಡಿಗಳನ್ನು ಚಿಕ್ಕಂದಿನಿಂದ ನೋಡಿಕೊಂಡು ಬಂದವರು ಶೈಲಿಯ ಹೆಸರು ಕೇಳುವ ಮೊದಲು ಕಲ್ಲು ಯಾವುದು, ಕೆತ್ತಿದವರು ಯಾರು, ಚಾವಣಿ ನಿಂತದ್ದು ಹೇಗೆ ಎಂದು ಕೇಳುತ್ತಾರೆ. ಸ್ಪೇನಿನ ಚರ್ಚುಗಳನ್ನು ಅರಿಯಲು ಇದೇ ಸರಿಯಾದ ದಾರಿ ಎಂದು ನಾವು ನಂಬಿರುವುದರಿಂದ, ಈ ಸಂಚಿಕೆಯ ಅಂಕಣವನ್ನು ಆ ಪತ್ರಗಳಿಗೇ ಮೀಸಲಿಟ್ಟಿದ್ದೇವೆ.

ಪ್ರಶ್ನೆ: ಬೇಲೂರಿನ ಚೆನ್ನಕೇಶವ ದೇವಾಲಯದ ಪ್ರತಿಷ್ಠೆ 1117ರಲ್ಲಿ ಆಯಿತೆಂದು ಓದಿದ್ದೇವೆ. ಅದೇ ಕಾಲದಲ್ಲಿ ಸ್ಪೇನಿನಲ್ಲಿ ಯಾವ ಚರ್ಚನ್ನು ಕಟ್ಟುತ್ತಿದ್ದರು? ಎರಡನ್ನೂ ಹೋಲಿಸಿ ನೋಡಬಹುದೇ? ನಮ್ಮ ರೂವಾರಿಗಳ ಹೆಸರು ಕಲ್ಲಿನ ಮೇಲೆ ಇರುವಂತೆ ಅಲ್ಲಿನ ಶಿಲ್ಪಿಗಳ ಹೆಸರೂ ಉಳಿದಿದೆಯೇ? (ಒಬ್ಬ ಓದುಗರು, ಬೇಲೂರು)

ಉತ್ತರ: ವಿಷ್ಣುವರ್ಧನನ ಶಿಲ್ಪಿಗಳು ಬೇಲೂರಿನಲ್ಲಿ ಉಳಿ ಹಿಡಿದಿದ್ದ ದಿನಗಳಲ್ಲಿ, ಸ್ಪೇನಿನ ವಾಯವ್ಯ ಮೂಲೆಯಲ್ಲಿರುವ ಗಲೀಸಿಯಾ ಪ್ರಾಂತದ ಸಾಂತಿಯಾಗೊ ದೆ ಕೊಂಪೊಸ್ತೆಲಾದಲ್ಲಿ ದೊಡ್ಡದೊಂದು ಕೆಥೆಡ್ರಲ್, ಅಂದರೆ ಬಿಷಪ್ಪರ ಪೀಠವಿರುವ ಚರ್ಚು, ಮೇಲೇಳುತ್ತಿತ್ತು. ರಾಜ ಆರನೆಯ ಅಲ್ಫೊನ್ಸೊನ ಕಾಲದಲ್ಲಿ, ಬಿಷಪ್ ದಿಯೆಗೊ ಪೆಲಾಯೆಸ್ ಅವರ ಮೇಲ್ವಿಚಾರಣೆಯಲ್ಲಿ 1075ರಲ್ಲಿ ಆರಂಭವಾದ ಆ ಕೆಲಸ ನಿಂತು ಮತ್ತೆ ನಡೆದು, ಪ್ರತಿಷ್ಠೆಯಾಗುವ ಹೊತ್ತಿಗೆ 1211 ಆಗಿತ್ತು. ಕ್ರಿಸ್ತನ ಶಿಷ್ಯರಲ್ಲೊಬ್ಬರಾದ ಸಂತ ಯಾಕೋಬರ ಸಮಾಧಿ ಅಲ್ಲಿದೆಯೆಂಬ ನಂಬಿಕೆ 9ನೇ ಶತಮಾನದ ಆರಂಭದಿಂದ ಬೆಳೆದು, ಯುರೋಪಿನ ನಾನಾ ಕಡೆಗಳಿಂದ ಯಾತ್ರಿಕರು ಕಾಲ್ನಡಿಗೆಯಲ್ಲಿ ಬರತೊಡಗಿದ್ದರು. 997ರಲ್ಲಿ ದಕ್ಷಿಣ ಸ್ಪೇನಿನ ಮುಸ್ಲಿಂ ರಾಜಧಾನಿಯಾಗಿದ್ದ ಕೊರ್ದೊಬಾದ ಸೇನಾಪತಿ ಅಲ್ ಮನ್ಸೂರ್ ಆ ಊರನ್ನು ಸೂರೆಮಾಡಿ ಹಳೆಯ ಚರ್ಚಿನ ಗಂಟೆಗಳನ್ನು ಹೊತ್ತೊಯ್ದಿದ್ದರಿಂದ, ಹೊಸ ಕಟ್ಟಡದ ಹಿಂದೆ ಭಕ್ತಿಯ ಜೊತೆಗೆ ಛಲವೂ ಇತ್ತು.

ಎರಡನ್ನೂ ಹೋಲಿಸಬಹುದು. ಆದರೆ ಮೊದಲು ಹೋಲಿಸಬೇಕಾದದ್ದು ಭಾರ ನೆಲಕ್ಕೆ ಇಳಿಯುವ ಬಗೆಯನ್ನು. ಬೇಲೂರಿನ ನವರಂಗದಲ್ಲಿ ಕಂಬದ ಮೇಲೆ ಬೋದಿಗೆ, ಬೋದಿಗೆಯ ಮೇಲೆ ತೊಲೆ, ತೊಲೆಯ ಮೇಲೆ ಚಪ್ಪಡಿ ಕುಳಿತಿದೆ. ಚಾವಣಿಯ ನಡುವಿನ, ಕಣ್ಣು ಕುಕ್ಕುವಂಥ ಭುವನೇಶ್ವರಿಯೂ ಸುತ್ತುಸುತ್ತಾಗಿ ಒಳಕ್ಕೆ ಚಾಚುತ್ತ ಹೋದ ಕಲ್ಲುಗಳ ಜೋಡಣೆಯೇ. ಅಲ್ಲಿ ಭಾರವೆಲ್ಲ ನೇರವಾಗಿ ಕೆಳಕ್ಕೆ ಇಳಿಯುತ್ತದೆ. ಹಾಗಾಗಿ ಕಂಬದಿಂದ ಕಂಬಕ್ಕೆ ಎಷ್ಟು ಅಂತರವಿರಬೇಕೆಂಬುದನ್ನು ತೊಲೆಯ ಉದ್ದವೇ ತೀರ್ಮಾನಿಸುತ್ತದೆ. ಸಾಂತಿಯಾಗೊದಲ್ಲಿ ತೊಲೆ ಇಲ್ಲ. ಮರದ ಸೆಂಟ್ರಿಂಗ್ ಹೂಡಿ, ಅದರ ಮೇಲೆ ಕಮಾನಿನ ಕಲ್ಲುಗಳನ್ನು ಎರಡೂ ಬದಿಯಿಂದ ಜೋಡಿಸಿಕೊಂಡು ಬಂದು, ನೆತ್ತಿಯಲ್ಲಿ ಕೀಲುಕಲ್ಲು ಕೂರಿಸಿದ ಮೇಲೆ ಸೆಂಟ್ರಿಂಗ್ ಬಿಚ್ಚುತ್ತಿದ್ದರು. ಇಂಥ ಕಮಾನುಗಳನ್ನು ಒಂದರ ಹಿಂದೊಂದು ಹೊಂದಿಸಿ, ನಡುವಣ ಹಜಾರದ ಉದ್ದಕ್ಕೂ ಸುಮಾರು 20 ಮೀಟರ್ ಎತ್ತರದಲ್ಲಿ ಅರ್ಧ ಪೀಪಾಯಿಯ ಆಕಾರದ ಕಲ್ಲಿನ ಚಾವಣಿ ಕಟ್ಟಿದರು. ಬಿದಿರಿನ ಸೀಳನ್ನು ಬಗ್ಗಿಸಿ ಎರಡೂ ತುದಿಗಳನ್ನು ನೆಲಕ್ಕೆ ಊರಿದಾಗ ಅವು ಹೊರಕ್ಕೆ ಜಾರಲು ಹವಣಿಸುವಂತೆ, ಈ ಚಾವಣಿಯೂ ಎರಡು ಬದಿಯ ಗೋಡೆಗಳನ್ನು ಸದಾ ಹೊರಕ್ಕೆ ತಳ್ಳುತ್ತಿರುತ್ತದೆ. ಮಧ್ಯಯುಗದ ಯುರೋಪಿನ ಕಟ್ಟಡ ಕಲೆಯ ಅರ್ಧ ಇತಿಹಾಸವೆಂದರೆ ಈ ತಳ್ಳುವಿಕೆಗೆ ಹುಡುಕಿದ ಉತ್ತರಗಳ ಇತಿಹಾಸ. ಸಾಂತಿಯಾಗೊದ ಮೇಸ್ತ್ರಿಗಳು ಕಂಡುಕೊಂಡ ಉತ್ತರ ಹೀಗಿತ್ತು: ನಡುಹಜಾರದ ಎರಡೂ ಪಕ್ಕಗಳಲ್ಲಿ ಮಹಡಿಯ ಮೊಗಸಾಲೆಗಳನ್ನು ಕಟ್ಟಿ, ಅವುಗಳ ಮೇಲೆ ಕಾಲು ವೃತ್ತದ ಚಾವಣಿಗಳನ್ನು ಹೂಡಿ, ಅವು ಹೊರಗಿನಿಂದ ಒತ್ತುಕೊಟ್ಟು ನಿಲ್ಲುವಂತೆ ಮಾಡಿದರು. ಕಟ್ಟಡ ಗಟ್ಟಿಯಾಯಿತು. ಆದರೆ ನಡುಹಜಾರದ ಗೋಡೆಯ ಮೇಲ್ಭಾಗದಲ್ಲಿ ಕಿಟಕಿಗಳಿಗೆ ಜಾಗ ಉಳಿಯದೆ, ಒಳಗೆ ಮಬ್ಬು ಬೆಳಕೇ ಗತಿಯಾಯಿತು.

ಬೇಲೂರಿನವರಿಗೆ ಆಪ್ತವೆನಿಸಬಹುದಾದ ಇನ್ನೊಂದು ಸಂಗತಿಯಿದೆ. ಪೂಜೆ ನಡೆಯುತ್ತಿರುವಾಗಲೇ ಯಾತ್ರಿಕರು ಅಡ್ಡಿಯಿಲ್ಲದೆ ಬಲಿಪೀಠದ ಹಿಂಬದಿಯಿಂದ ಸುತ್ತಿಬರಲು ಅಲ್ಲೊಂದು ಪ್ರದಕ್ಷಿಣಾಪಥವಿದೆ. ಆ ಪಥದ ಹೊರಮೈಗೆ ಅಂಟಿಕೊಂಡಂತೆ ಚಿಕ್ಕಚಿಕ್ಕ ಗುಡಿಗಳೂ ಇವೆ. ಫ್ರಾನ್ಸಿನ ತುಲೂಸ್ ನಗರದ ಸಾಂ ಸೆರ್ನಾಂ ಚರ್ಚಿನಲ್ಲಿಯೂ ಇದೇ ಬಗೆಯ ವಿನ್ಯಾಸವಿದೆ. ಜನಸಂದಣಿಯ ಅಗತ್ಯಕ್ಕೆ ಹೊಂದಿಕೊಂಡೇ ಈ ವಿನ್ಯಾಸ ರೂಪುಗೊಂಡಿತು.

ಹೆಸರುಗಳ ವಿಷಯಕ್ಕೆ ಬಂದರೆ, ಕೆಲಸದ ಆರಂಭದ ಹಂತದಲ್ಲಿ ಹಿರಿಯ ಬೆರ್ನಾರ್ಡ್ ಮತ್ತು ರಾಬರ್ಟ್ ಎಂಬ ಮೇಸ್ತ್ರಿಗಳೂ ಅವರೊಂದಿಗೆ ಸುಮಾರು 50 ಮಂದಿ ಕಲ್ಲುಕುಟಿಗರೂ ಇದ್ದರೆಂದು 12ನೇ ಶತಮಾನದ ಯಾತ್ರಾ ಕೈಪಿಡಿಯೊಂದು ಹೇಳುತ್ತದೆ. ಅವರಿಗಿಂತ ಹೆಚ್ಚು ಪ್ರಸಿದ್ಧನಾದವನು ಮೇಸ್ತ್ರಿ ಮಾತೆಯೊ. 1168ರಲ್ಲಿ ರಾಜ ಎರಡನೆಯ ಫೆರ್ನಾಂದೊ ಅವನಿಗೆ ಜೀವಿತಾವಧಿಯ ವೇತನ ಗೊತ್ತುಮಾಡಿದ ದಾಖಲೆಯಿದೆ. ಪಶ್ಚಿಮದ ಮಹಾದ್ವಾರದ ಮೇಲಡ್ಡಕಲ್ಲಿನ ಕೆಳಮೈಯಲ್ಲಿ, 1188ರ ಏಪ್ರಿಲ್ 1ರಂದು ಅದನ್ನು ಇರಿಸಿದ್ದು ಮಾತೆಯೊ ಎಂಬ ಬರಹವಿದೆ. ನಮ್ಮ ಅಮೃತಾಪುರದ ಅಮೃತೇಶ್ವರ ದೇವಾಲಯದ ಕಾಲ 1196. ಅಲ್ಲಿಂದ ಸೋಮನಾಥಪುರದವರೆಗೆ ಹೆಸರು ಕೊರೆಯುತ್ತ ಹೋದ ಶಿಲ್ಪಿ ಮಲ್ಲಿತಮ್ಮನೂ ಸಾಂತಿಯಾಗೊದ ಮಾತೆಯೊನೂ ಹೆಚ್ಚುಕಡಿಮೆ ಒಂದೇ ಕಾಲದವರು. ಬಾರ್ಸಿಲೋನಾದ ಬಳಿಯ ಸಾಂತ್ ಕುಗಾತ್ ಮಠದ ಅಂಗಳದ ಮೊಗಸಾಲೆಯಲ್ಲಿ ಅರ್ನಾವು ಕದೆಲ್ ಎಂಬ ಶಿಲ್ಪಿಯಂತೂ ತಾನು ಬೋದಿಗೆ ಕೆತ್ತುತ್ತಿರುವ ಚಿತ್ರವನ್ನೇ ಕೆತ್ತಿ, ಇದು ತನ್ನ ಪ್ರತಿಮೆಯೆಂದು ಬರೆದಿಟ್ಟಿದ್ದಾನೆ. ಉಳಿದ ನೂರಾರು ಕೆಲಸಗಾರರು ಬಿಟ್ಟುಹೋದದ್ದು ಕಲ್ಲಿನ ಮೇಲಿನ ಗೀಟು, ಬಾಣ, ಅಕ್ಷರಗಳಂಥ ಸಣ್ಣ ಗುರುತುಗಳನ್ನು ಮಾತ್ರ. ಯಾರು ಎಷ್ಟು ಕಲ್ಲು ಕಡಿದರೆಂಬ ಕೂಲಿ ಲೆಕ್ಕಕ್ಕಾಗಿ ಅವನ್ನು ಹಾಕುತ್ತಿದ್ದರೆಂದು ವಿದ್ವಾಂಸರು ಸಾಮಾನ್ಯವಾಗಿ ವಿವರಿಸುತ್ತಾರೆ.

ಕಲ್ಲಿನ ಬಗ್ಗೆ ಒಂದು ಮಾತು ಸೇರಿಸಲೇಬೇಕು. ಗಲೀಸಿಯಾದ ಕಲ್ಲು ಗ್ರಾನೈಟ್. ಬಳಪದ ಕಲ್ಲಿನಲ್ಲಿ ಸಾಧ್ಯವಾಗುವ ಮದನಿಕೆಯ ಬಳ್ಳಿಗೂದಲು ಗ್ರಾನೈಟಿನಲ್ಲಿ ಸುಲಭವಾಗಿ ಮೂಡುವುದಿಲ್ಲ. ಅಂಥ ಕಲ್ಲಿನಲ್ಲಿಯೂ ಮಾತೆಯೊನ ತಂಡ ಪ್ರವಾದಿಗಳ ಮುಖದಲ್ಲಿ ನಗು ಮೂಡಿಸಿದೆ ಎಂಬುದನ್ನು ಕಲ್ಲಿನ ಕೆಲಸ ಬಲ್ಲವರು ಇನ್ನಷ್ಟು ಮೆಚ್ಚುತ್ತಾರೆ. ಬಳಪದ ಕಲ್ಲಿನ ಗುಣವನ್ನೇ ನೋಡಬೇಕೆಂದರೆ ಸಾಲಾಮಾಂಕಾಕ್ಕೆ ಹೋಗಬೇಕು. ಅಲ್ಲಿನ ಹಳೆಯ ಕೆಥೆಡ್ರಲ್ ಕಟ್ಟಿದ ವಿಯಾಮಯೋರ್ ಮರಳುಗಲ್ಲು ಗಣಿಯಿಂದ ತೆಗೆದಾಗ ಮೆತ್ತಗಿದ್ದು, ಗಾಳಿಗೆ ಒಡ್ಡಿದಂತೆ ಗಟ್ಟಿಯಾಗಿ ಹೊಂಬಣ್ಣಕ್ಕೆ ತಿರುಗುತ್ತದೆ.

ಪ್ರಶ್ನೆ: ಸ್ಪೇನಿನ ಕೆಲವು ಹಳೆಯ ಚರ್ಚುಗಳ ಚಿತ್ರಗಳಲ್ಲಿ ಕುದುರೆ ಲಾಳದ ಆಕಾರದ ಕಮಾನುಗಳು ಕಾಣುತ್ತವೆ. ಅವು ಮಸೀದಿಗಳನ್ನು ನೋಡಿ ಕಟ್ಟಿದವೇ? (ಇತಿಹಾಸ ವಿದ್ಯಾರ್ಥಿನಿ, ಹಾಸನ)

ಉತ್ತರ: ಈ ಊಹೆ ಎಲ್ಲ ಕಡೆ ಕೇಳಿಬರುತ್ತದೆ, ಆದರೆ ಕಾಲಾನುಕ್ರಮ ಅದಕ್ಕೆ ಒಪ್ಪುವುದಿಲ್ಲ. ಮುಸ್ಲಿಂ ಸೇನೆ ಸ್ಪೇನಿಗೆ ಬಂದಿಳಿದದ್ದು 711ರಲ್ಲಿ. ಅದಕ್ಕೆ ಅರ್ಧ ಶತಮಾನ ಮೊದಲೇ, 661ರಲ್ಲಿ, ಆಗ ಸ್ಪೇನನ್ನು ಆಳುತ್ತಿದ್ದ ವಿಸಿಗೋತ್ ಜನಾಂಗದ ದೊರೆ ರೆಸೆಸ್ವಿಂತ್ ಪಲೆನ್ಸಿಯಾ ಸೀಮೆಯಲ್ಲಿ ಕಟ್ಟಿಸಿದ ಸಾನ್ ಹುವಾನ್ ದೆ ಬಾನ್ಯೊಸ್ ಎಂಬ ಚಿಕ್ಕ ಚರ್ಚಿನಲ್ಲಿ ಲಾಳದ ಕಮಾನುಗಳಿವೆ. ಕಟ್ಟಿಸಿದ ದೊರೆಯ ಹೆಸರುಳ್ಳ ಶಾಸನವೂ ಅಲ್ಲಿಯೇ ಇದೆ. ಕೊರ್ದೊಬಾದಲ್ಲಿ ಮೊದಲನೆಯ ಅಬ್ದುಲ್ ರಹಮಾನ್ 785ರ ಸುಮಾರಿಗೆ ಮಹಾಮಸೀದಿಯನ್ನು ಆರಂಭಿಸಿದಾಗ, ಸ್ಥಳೀಯರ ಕೈಯಲ್ಲಿ ಆಗಲೇ ಪಳಗಿದ್ದ ಈ ಕಮಾನನ್ನು ಅವನ ಕಟ್ಟಡಗಾರರು ಎತ್ತಿಕೊಂಡು, ವೃತ್ತವನ್ನು ಇನ್ನಷ್ಟು ಮುಚ್ಚಿ, ಕೆಂಪು ಬಿಳಿ ಪಟ್ಟಿಗಳಿಂದ ಸಿಂಗರಿಸಿ, ಹೊಸ ಎತ್ತರಕ್ಕೆ ಒಯ್ದರು.

ಮುಂದಿನ ಕಥೆ ಇನ್ನೂ ಸ್ವಾರಸ್ಯವಾಗಿದೆ. ಮುಸ್ಲಿಂ ಆಳ್ವಿಕೆಯಲ್ಲಿ ಬಾಳಿದ ಕ್ರೈಸ್ತರಲ್ಲಿ ಕೆಲವರು 9 ಮತ್ತು 10ನೇ ಶತಮಾನಗಳಲ್ಲಿ ಉತ್ತರದ ಲಿಯೊನ್ ರಾಜ್ಯಕ್ಕೆ ವಲಸೆ ಹೋದರು. ಹಾಗೆ ಕೊರ್ದೊಬಾದಿಂದ ಹೋದ ಸನ್ಯಾಸಿಗಳು ಕಟ್ಟಿದ ಸಾನ್ ಮಿಗೆಲ್ ದೆ ಎಸ್ಕಲಾದಾ ಚರ್ಚು 913ರಲ್ಲಿ ಪ್ರತಿಷ್ಠೆಯಾಯಿತು. ಅಲ್ಲಿನ ಲಾಳದ ಕಮಾನುಗಳು ಕೊರ್ದೊಬಾದ ಮಾದರಿಯವು. ಉತ್ತರದಲ್ಲಿ ಮೊದಲೇ ಬಳಕೆಯಲ್ಲಿದ್ದ ರೂಪವೊಂದು ದಕ್ಷಿಣಕ್ಕೆ ಹೋಗಿ, ಅಲ್ಲಿ ಬದಲಾಗಿ, ಕ್ರೈಸ್ತ ಸನ್ಯಾಸಿಗಳ ಜೊತೆಯಲ್ಲೇ ಮರಳಿ ಉತ್ತರಕ್ಕೆ ಬಂತು. ಇಂಥ ಕಟ್ಟಡಕ್ಕೆ ಒಂದೇ ಧರ್ಮದ ಚೀಟಿ ಅಂಟಿಸಿದರೆ ಅದರ ಅರ್ಧ ಇತಿಹಾಸ ಅಳಿಸಿಹೋಗುತ್ತದೆ.

ಎಸ್ಕಲಾದಾದಲ್ಲಿ ಗಮನಿಸಬೇಕಾದ ಇನ್ನೊಂದು ಅಂಶ, ಜನ ನಿಲ್ಲುವ ಹಜಾರಕ್ಕೂ ಬಲಿಪೀಠದ ಭಾಗಕ್ಕೂ ನಡುವೆ ಅಡ್ಡಲಾಗಿ ನಿಂತಿರುವ ಮೂರು ಕಮಾನುಗಳ ತೆರೆ. ಆ ಕಾಲದ ಸ್ಪೇನಿನ ಪೂಜಾಕ್ರಮ ರೋಮಿನದಕ್ಕಿಂತ ಬೇರೆಯಾಗಿತ್ತು. ಪೂಜೆಯ ಕೆಲವು ಭಾಗಗಳು ಜನರ ಕಣ್ಣಿಗೆ ಮರೆಯಾಗಿ ನಡೆಯುತ್ತಿದ್ದುದರಿಂದ ಕಟ್ಟಡವೂ ಕೋಣೆಕೋಣೆಯಾಗಿ ವಿಂಗಡಿಸಿಕೊಂಡಿತ್ತು. 1080ರಲ್ಲಿ ಬುರ್ಗೊಸ್‌ನಲ್ಲಿ ಸೇರಿದ ಧರ್ಮಸಭೆ ರೋಮಿನ ಕ್ರಮವನ್ನೇ ಎಲ್ಲೆಡೆ ಅನುಸರಿಸಬೇಕೆಂದು ತೀರ್ಮಾನಿಸಿತು. ಫ್ರಾನ್ಸಿನ ಕ್ಲೂನಿ ಮಠದ ಪ್ರಭಾವ ಆಗ ಬಹಳ ದೊಡ್ಡದು. ದಕ್ಷಿಣದ ಮುಸ್ಲಿಂ ಸಂಸ್ಥಾನಗಳಿಂದ ಕಪ್ಪವಾಗಿ ಬರುತ್ತಿದ್ದ ಚಿನ್ನದ ಬಲದಿಂದ, ಆರನೆಯ ಅಲ್ಫೊನ್ಸೊ ಆ ಮಠಕ್ಕೆ ವರ್ಷಕ್ಕೆ 2000 ಚಿನ್ನದ ನಾಣ್ಯಗಳ ಕಾಣಿಕೆ ಗೊತ್ತುಮಾಡಿದ್ದನು. ಪೂಜಾಕ್ರಮ ಬದಲಾದ ಮೇಲೆ ಅಡ್ಡತೆರೆಗಳ ಅಗತ್ಯ ಕಡಿಮೆಯಾಗಿ, ಬಾಗಿಲಿನಿಂದ ಬಲಿಪೀಠದವರೆಗೆ ನೋಟ ನೇರವಾಗಿ ಹರಿಯುವ ಹಜಾರಗಳು ಬಂದವು. ಸ್ಪೇನಿನ ಕಟ್ಟಡ ಕಲೆಯಲ್ಲಿ ಆದ ಈ ತಿರುವಿಗೆ ಕಲ್ಲುಕುಟಿಗರಿಗಿಂತ ಪುರೋಹಿತರೇ ಹೆಚ್ಚು ಕಾರಣರು ಎಂಬುದು ನಮ್ಮ ಖಚಿತ ಅಭಿಪ್ರಾಯ.

ಪ್ರಶ್ನೆ: ನಮ್ಮ ಶೆಟ್ಟಿಹಳ್ಳಿಯ ಚರ್ಚು ಹೇಮಾವತಿಯ ಹಿನ್ನೀರಿನಲ್ಲಿ ಮುಳುಗೇಳುವಂತೆ ಸ್ಪೇನಿನಲ್ಲಿಯೂ ಮುಳುಗಡೆಯಾದ ಚರ್ಚುಗಳಿವೆಯೇ? ಶೆಟ್ಟಿಹಳ್ಳಿಯದೂ ಮಧ್ಯಯುಗದ ಶೈಲಿಯೇ ಅಲ್ಲವೇ? (ಒಬ್ಬ ಓದುಗರು, ಗೊರೂರು)

ಉತ್ತರ: ಶೆಟ್ಟಿಹಳ್ಳಿಯ ರೋಸರಿ ಚರ್ಚು 19ನೇ ಶತಮಾನದಲ್ಲಿ ಫ್ರೆಂಚ್ ಮಿಷನರಿಗಳು ಕಟ್ಟಿಸಿದ್ದು. ಅದರ ಮೊನಚು ಕಮಾನುಗಳು ಮಧ್ಯಯುಗದ ಗಾಥಿಕ್ ರೂಪದ ಪುನರುಜ್ಜೀವನವೇ ಹೊರತು ಆ ಯುಗದವಲ್ಲ. ಆದರೆ ತಮ್ಮ ಮೊದಲ ಪ್ರಶ್ನೆಗೆ ಉತ್ತರ ಹೌದು. ಸ್ಪೇನಿನ ಈಶಾನ್ಯದ ಕತಲೋನಿಯಾ ಸೀಮೆಯ ತೇರ್ ನದಿಗೆ 1960ರ ದಶಕದಲ್ಲಿ ಕಟ್ಟಿದ ಸಾವು ಜಲಾಶಯ, ಸಾಂತ್ ರೊಮಾ ಎಂಬ ಹಳ್ಳಿಯನ್ನು ಅದರ 11ನೇ ಶತಮಾನದ ಚರ್ಚಿನೊಂದಿಗೆ ಮುಳುಗಿಸಿತು. ನೀರು ತುಸು ಇಳಿದಾಗ ಗಂಟೆ ಗೋಪುರ ಮಾತ್ರ ಮೇಲೆ ಕಾಣುತ್ತದೆ. 2023ರ ಭೀಕರ ಬರದಲ್ಲಿ ಜನರು ಒಣಗಿದ ನೆಲದ ಮೇಲೆ ನಡೆದು ಅದರ ಬುಡದವರೆಗೂ ಹೋಗಿಬಂದರು.

ಇನ್ನೊಂದು ಚರ್ಚಿನ ಅದೃಷ್ಟ ಬೇರೆಯಾಗಿತ್ತು. ಸಮೊರಾ ಪ್ರಾಂತದ ಸಾನ್ ಪೆದ್ರೊ ದೆ ಲಾ ನಾವೆ ಎಂಬ 7ನೇ ಶತಮಾನದ ಚರ್ಚು ಎಸ್ಲಾ ನದಿಯ ಅಣೆಕಟ್ಟೆಯಿಂದ ಮುಳುಗಲಿತ್ತು. ಕಲಾ ಇತಿಹಾಸಕಾರ ಮನುವೆಲ್ ಗೋಮೆಸ್ ಮೊರೆನೊ ಪಟ್ಟುಹಿಡಿದ ಫಲವಾಗಿ, ವಾಸ್ತುಶಿಲ್ಪಿ ಅಲೆಹಾಂದ್ರೊ ಫೆರಾಂತ್ ಅವರ ನಿರ್ದೇಶನದಲ್ಲಿ 1930 ಮತ್ತು 1932ರ ನಡುವೆ ಅದನ್ನು ಕಲ್ಲುಕಲ್ಲಾಗಿ ಬಿಚ್ಚಿ, ಎಲ್ ಕಂಪಿಯೊ ಎಂಬ ಹಳ್ಳಿಗೆ ಸಾಗಿಸಿ, ಮತ್ತೆ ಕಟ್ಟಿದರು. ಸಿಂಹಗಳ ನಡುವೆ ಕೈಯೆತ್ತಿ ನಿಂತ ದಾನಿಯೇಲನನ್ನೂ ಮಗನನ್ನು ಬಲಿಕೊಡಲು ಹೊರಟ ಅಬ್ರಹಾಮನನ್ನೂ ಕೆತ್ತಿದ ಅದರ ಬೋದಿಗೆಗಳು ವಿಸಿಗೋತ್ ಕಾಲದ ಶಿಲ್ಪದಲ್ಲಿ ಅತ್ಯುತ್ತಮವೆಂದು ಹೆಸರಾಗಿವೆ. ಅಣೆಕಟ್ಟೆ ಕಟ್ಟುವ ನಿರ್ಧಾರವಾದಾಗಲೇ, ಮುಳುಗುವ ಪ್ರದೇಶದಲ್ಲಿ ಉಳಿಸಬೇಕಾದದ್ದು ಏನೆಂದು ಗಟ್ಟಿಯಾಗಿ ಹೇಳುವ ಒಬ್ಬರಾದರೂ ಇರಬೇಕೆಂಬುದನ್ನು ಹೇಮಾವತಿಯ ದಂಡೆಯವರಿಗೆ ನಾವು ವಿವರಿಸಿ ಹೇಳಬೇಕಾಗಿಲ್ಲ.

ಪ್ರಶ್ನೆ: ನಾನು ನಿವೃತ್ತ ಸಿವಿಲ್ ಎಂಜಿನಿಯರ್. ಬಲವಿಜ್ಞಾನದ ಸೂತ್ರಗಳಾಗಲಿ, ಸಾಮಗ್ರಿಗಳ ಪರೀಕ್ಷೆಯಾಗಲಿ ಇಲ್ಲದ ಕಾಲದಲ್ಲಿ ಅಷ್ಟು ಅಗಲದ, ಅಷ್ಟು ಎತ್ತರದ ಕಲ್ಲಿನ ಚಾವಣಿಗಳನ್ನು ಕಟ್ಟಲು ಯಾವ ಆಧಾರದ ಮೇಲೆ ಧೈರ್ಯ ಮಾಡಿದರು? (ಒಬ್ಬ ಓದುಗರು, ಸಕಲೇಶಪುರ)

ಉತ್ತರ: ಜ್ಯಾಮಿತಿಯ ಪ್ರಮಾಣಗಳು, ಗುರುವಿನಿಂದ ಶಿಷ್ಯನಿಗೆ ಬಂದ ಅನುಭವ, ಕುಸಿದುಬಿದ್ದ ಕಟ್ಟಡಗಳಿಂದ ಕಲಿತ ಪಾಠ, ಇವೇ ಅವರ ಆಧಾರಗಳು. ಆದರೆ ಇದಕ್ಕಿಂತ ನಿಖರವಾದ ಉತ್ತರ ಕೊಡಬಲ್ಲ ದಾಖಲೆಯೊಂದು ಕತಲೋನಿಯಾದ ಜಿರೋನಾ ನಗರದಲ್ಲಿದೆ.

ಅಲ್ಲಿನ ಗಾಥಿಕ್ ಕೆಥೆಡ್ರಲಿನ ಕೆಲಸ 1312ರಲ್ಲಿ ಪೂರ್ವದ ಬಲಿಪೀಠದ ಕಡೆಯಿಂದ ಶುರುವಾಗಿತ್ತು. ಆ ಭಾಗ ಮೂರು ಹಜಾರಗಳ ಕ್ರಮಕ್ಕೆ ಹೊಂದುವಂತೆ ಎದ್ದು ನಿಂತಿತು. ಪಶ್ಚಿಮಕ್ಕೆ ಮುಂದುವರಿಸುವಾಗ, ನಡುವೆ ಕಂಬಗಳೇ ಇಲ್ಲದ ಒಂದೇ ಮಹಾಹಜಾರ ಕಟ್ಟಬೇಕೆಂಬ ಯೋಚನೆ ಬಂತು. ಮೇಸ್ತ್ರಿ ಗಿಯೆಮ್ ಬೊಫಿಲ್ ಅದರ ಪರವಾಗಿದ್ದನು. ಅಷ್ಟು ಅಗಲದ ಚಾವಣಿ ನಿಲ್ಲುವುದೇ ಎಂಬ ಭಯದಿಂದ, ಕೆಥೆಡ್ರಲಿನ ಆಡಳಿತ ಮಂಡಳಿ 1416ರಲ್ಲಿ ಬಾರ್ಸಿಲೋನಾ, ತರಗೋನಾ, ನರ್ಬೋನ್, ಪೆರ್ಪಿನ್ಯಾನ್ ಮೊದಲಾದ ಊರುಗಳಿಂದ ಹನ್ನೆರಡು ಮಂದಿ ಮೇಸ್ತ್ರಿಗಳನ್ನು ಕರೆಸಿ, ಒಬ್ಬೊಬ್ಬರಿಂದಲೂ ಪ್ರಮಾಣ ಮಾಡಿಸಿ, ಅವವೇ ಪ್ರಶ್ನೆಗಳನ್ನು ಪ್ರತ್ಯೇಕವಾಗಿ ಕೇಳಿ, ಉತ್ತರಗಳನ್ನು ಬರೆಸಿಕೊಂಡಿತು. ಒಂದೇ ಹಜಾರ ಭದ್ರವಾಗಿ ನಿಲ್ಲುವುದೇ? ಮೂರು ಹಜಾರಗಳ ಕ್ರಮ ಮುಂದುವರಿಸಿದರೆ ಒಳಿತೇ? ಆಗಲೇ ಕಟ್ಟಿದ ಭಾಗಕ್ಕೆ ಯಾವುದು ಚೆನ್ನಾಗಿ ಒಪ್ಪುತ್ತದೆ? ಹಲವರು ಮೂರು ಹಜಾರಗಳೇ ಸೂಕ್ತವೆಂದರು. ಒಂದೇ ಹಜಾರದ ಪರವಾಗಿ ನಿಂತವರು ಬೆಳಕು ಹೆಚ್ಚು ಬರುತ್ತದೆ, ಖರ್ಚೂ ಕಡಿಮೆಯಾಗುತ್ತದೆ ಎಂದು ವಾದಿಸಿದರು. ಮಂಡಳಿ ಎಲ್ಲವನ್ನೂ ತೂಗಿನೋಡಿ 1417ರಲ್ಲಿ ಒಂದೇ ಹಜಾರಕ್ಕೆ ಒಪ್ಪಿಗೆ ಕೊಟ್ಟಿತು. ಸುಮಾರು 23 ಮೀಟರ್ ಅಗಲದ ಆ ಹಜಾರ ಜಗತ್ತಿನ ಗಾಥಿಕ್ ಹಜಾರಗಳಲ್ಲೆಲ್ಲ ಅತ್ಯಂತ ಅಗಲವಾದದ್ದಾಗಿ ಇಂದಿಗೂ ನಿಂತಿದೆ. ವೃತ್ತಿಯವರ ಅಭಿಪ್ರಾಯಭೇದವನ್ನು ಮುಚ್ಚಿಡದೆ ದಾಖಲಿಸಿಟ್ಟ ಈ ಕ್ರಮ, ಆ ಕಟ್ಟಡದಷ್ಟೇ ದೊಡ್ಡ ಸಾಧನೆಯೆಂದು ನಮಗೆ ತೋರುತ್ತದೆ.

ಅದು ನಿಂತದ್ದು ಹೇಗೆಂಬುದಕ್ಕೆ ತಾಂತ್ರಿಕ ಕಾರಣವೂ ಉಂಟು. ಮೊನಚು ಕಮಾನು ಅರ್ಧವೃತ್ತದ ಕಮಾನಿಗಿಂತ ಕಡಿಮೆ ತಳ್ಳುತ್ತದೆ. ಚಾವಣಿಯ ಭಾರವನ್ನು ಕಲ್ಲಿನ ಪಕ್ಕೆಲುಬುಗಳು ಗೊತ್ತಾದ ಬಿಂದುಗಳಿಗೆ ಇಳಿಸುವುದರಿಂದ, ಗೋಡೆಯನ್ನು ಉದ್ದಕ್ಕೂ ದಪ್ಪಮಾಡದೆ ಆ ಬಿಂದುಗಳಲ್ಲಿ ಮಾತ್ರ ಆಸರೆ ಕಟ್ಟಿದರೆ ಸಾಕಾಗುತ್ತದೆ. ಉತ್ತರ ಫ್ರಾನ್ಸಿನವರು ಈ ಆಸರೆಗಳನ್ನು ಹೊರಗೆ ನಿಲ್ಲಿಸಿ, ಅಲ್ಲಿಂದ ಗಾಳಿಯಲ್ಲಿ ಚಾಚಿದ ಕಮಾನುಗಳ ಮೂಲಕ ಗೋಡೆಗೆ ಒತ್ತುಕೊಟ್ಟರು. ಕತಲೋನಿಯಾದವರು ಬಹುಪಾಲು ಆಸರೆಗಳನ್ನು ಕಟ್ಟಡದ ಒಳಕ್ಕೆ ತಂದು, ಎರಡು ಆಸರೆಗಳ ನಡುವಿನ ಜಾಗವನ್ನು ಉಪಗುಡಿಗಳಾಗಿ ಬಳಸಿಕೊಂಡರು. ಬಾರ್ಸಿಲೋನಾದ ಸಾಂತ ಮರಿಯಾ ದೆಲ್ ಮಾರ್ ಚರ್ಚಿನಲ್ಲಿ ಈ ಜಾಣ್ಮೆ ಪೂರ್ಣವಾಗಿ ಅರಳಿದೆ. 1329ರಿಂದ 1383ರವರೆಗೆ, ಐದೂವರೆ ದಶಕದೊಳಗೆ ಮುಗಿದ ಆ ಚರ್ಚಿಗೆ ಮೊಂಜುಯಿಕ್ ಗುಡ್ಡದ ಕಲ್ಲನ್ನು ಬಂದರಿನ ಹಮಾಲರು ಬೆನ್ನ ಮೇಲೆ ಹೊತ್ತು ತಂದರು. ಅವರ ಆಕೃತಿಗಳು ಅದರ ಬಾಗಿಲುಗಳ ಮೇಲೆ ಇವೆ.

ಧೈರ್ಯ ಎಲ್ಲ ಕಡೆಯೂ ಫಲಿಸಲಿಲ್ಲ. 13ನೇ ಶತಮಾನದ ಲಿಯೊನ್ ಕೆಥೆಡ್ರಲ್ ಸುಮಾರು 1800 ಚದರ ಮೀಟರ್ ಬಣ್ಣದ ಗಾಜಿನಿಂದ ಬೆಳಗುತ್ತದೆ. ಗೋಡೆಯೆಂಬುದು ಅಲ್ಲಿ ಇಲ್ಲವೆನ್ನುವಷ್ಟು ಕಡಿಮೆ. ಆದರೆ ಬಳಸಿದ ಕಲ್ಲು ದುರ್ಬಲ, ಅಡಿಪಾಯ ರೋಮನ್ ಕಾಲದ ಸ್ನಾನಗೃಹಗಳ ಅವಶೇಷದ ಮೇಲೆ, ಸಾಲದ್ದಕ್ಕೆ 17ನೇ ಶತಮಾನದಲ್ಲಿ ನಡುವೆ ಏರಿಸಿದ ಭಾರದ ಗುಮ್ಮಟ ಬೇರೆ. 19ನೇ ಶತಮಾನದ ಹೊತ್ತಿಗೆ ಅದು ಕುಸಿಯುವ ಸ್ಥಿತಿಗೆ ಬಂದು, ಚಾವಣಿಯ ಭಾಗಗಳನ್ನು ಬಿಚ್ಚಿ ಮತ್ತೆ ಕಟ್ಟಬೇಕಾಯಿತು. 1844ರಲ್ಲಿ ಸ್ಪೇನ್ ಸರ್ಕಾರ ರಾಷ್ಟ್ರೀಯ ಸ್ಮಾರಕವೆಂದು ಘೋಷಿಸಿದ ಮೊದಲ ಕಟ್ಟಡವೇ ಇದು. ಸೆವಿಲ್‌ನಲ್ಲಿ ಹಳೆಯ ಮಸೀದಿಯ ಜಾಗದಲ್ಲಿ ಕಟ್ಟಿದ ಮಹಾ ಕೆಥೆಡ್ರಲ್ 1506ರಲ್ಲಿ ಮುಗಿದು, ಐದೇ ವರ್ಷಗಳಲ್ಲಿ, 1511ರಲ್ಲಿ, ಅದರ ನಡುವಿನ ಗುಮ್ಮಟ ಕುಸಿದುಬಿತ್ತು.

ಪ್ರಶ್ನೆ: ಕಲ್ಲು ಸಿಗದ ಬಯಲುಸೀಮೆಯಲ್ಲಿ ಚರ್ಚುಗಳನ್ನು ಯಾವುದರಿಂದ ಕಟ್ಟುತ್ತಿದ್ದರು? (ಗಾರೆ ಕೆಲಸದ ಮೇಸ್ತ್ರಿಯೊಬ್ಬರು, ಅರಸೀಕೆರೆ)

ಉತ್ತರ: ಇಟ್ಟಿಗೆಯಿಂದ. ಲಿಯೊನ್ ಸೀಮೆಯ ಸಾಆಗೂನ್ ಊರಿನಲ್ಲಿ 12ನೇ ಶತಮಾನದ ಸಾನ್ ತಿರ್ಸೊ ಚರ್ಚಿನ ಹಿಂಭಾಗವನ್ನು ನೋಡಿದರೆ, ಬುಡದಲ್ಲಿ ಕಲ್ಲಿನಿಂದ ಆರಂಭಿಸಿ ಮೇಲೆ ಇಟ್ಟಿಗೆಗೆ ಬದಲಾಯಿಸಿದ್ದು ಬರಿಗಣ್ಣಿಗೇ ಕಾಣುತ್ತದೆ. ಇಟ್ಟಿಗೆ, ಗಾರೆ, ಗಚ್ಚು, ಮರಗೆಲಸಗಳಲ್ಲಿ ನುರಿತವರು ಹೆಚ್ಚಾಗಿ ಕ್ರೈಸ್ತ ದೊರೆಗಳ ಆಳ್ವಿಕೆಗೆ ಬಂದ ಪ್ರದೇಶಗಳಲ್ಲಿ ಉಳಿದ ಮುಸ್ಲಿಮರು. ಅವರಿಂದ ಮತ್ತು ಅವರಿಂದ ಕಲಿತವರಿಂದ ಬೆಳೆದ ಈ ಪದ್ಧತಿಗೆ ಮುದೇಹರ್ ಎಂಬ ಹೆಸರಿದೆ. ಅರಗೋನಿನ ತೆರುವೆಲ್ ಪಟ್ಟಣದ ಗಂಟೆ ಗೋಪುರಗಳು ಇದರ ಶಿಖರ. 1316ರ ಸಾನ್ ಮಾರ್ತಿನ್ ಗೋಪುರವನ್ನು ಮಿನಾರಿನ ಕ್ರಮದಲ್ಲಿ ಒಂದರೊಳಗೊಂದು ಎರಡು ಗೋಪುರಗಳಾಗಿ ಕಟ್ಟಿ, ನಡುವಿನ ಸಂದಿಯಲ್ಲಿ ಮೆಟ್ಟಿಲುಗಳನ್ನು ಏರಿಸಿದ್ದಾರೆ. ಹೊರಮೈಯಲ್ಲಿ ಇಟ್ಟಿಗೆಯನ್ನೇ ಮುಂದಕ್ಕೆ ಹಿಂದಕ್ಕೆ ಜೋಡಿಸಿ ಮೂಡಿಸಿದ ಬಲೆಯ ವಿನ್ಯಾಸಗಳ ನಡುವೆ ಹಸಿರು ಮತ್ತು ಬಿಳಿಯ ಮೆರುಗಿನ ಬಿಲ್ಲೆಗಳು ಹೊಳೆಯುತ್ತವೆ. ತೆರುವೆಲ್‌ನ ಈ ಕಟ್ಟಡಗಳು 1986ರಲ್ಲಿ ಯುನೆಸ್ಕೊ ವಿಶ್ವಪರಂಪರೆಯ ಪಟ್ಟಿಗೆ ಸೇರಿದವು. ಇಟ್ಟಿಗೆಯ ಕೆಲಸವನ್ನು ಕಲ್ಲಿನದಕ್ಕಿಂತ ಕೀಳೆಂದು ಎಣಿಸುವವರು ತೆರುವೆಲ್ ಒಂದನ್ನು ನೋಡಿದರೂ ಸಾಕು.

ಪ್ರಶ್ನೆ: ಆ ಕಾಲದ ಚರ್ಚುಗಳ ಗೋಡೆಚಿತ್ರಗಳನ್ನು ಕಿತ್ತು ವಸ್ತುಸಂಗ್ರಹಾಲಯದಲ್ಲಿ ಇಟ್ಟಿದ್ದಾರೆಂದು ಕೇಳಿದೆ. ಗೋಡೆಯ ಮೇಲಿನ ಚಿತ್ರವನ್ನು ಕೀಳುವುದು ಹೇಗೆ? ಹಾಗೆ ಮಾಡಿದ್ದು ಸರಿಯೇ? (ಚಿತ್ರಕಲಾ ಶಿಕ್ಷಕಿ, ಚಿಕ್ಕಮಗಳೂರು)

ಉತ್ತರ: ಪಿರೆನೀಸ್ ಪರ್ವತದ ಬೋಯಿ ಕಣಿವೆಯ ತಾಉಲ್ ಎಂಬ ಪುಟ್ಟ ಹಳ್ಳಿಯಲ್ಲಿ ಸಾಂತ್ ಕ್ಲಿಮೆಂತ್ ಮತ್ತು ಸಾಂತ ಮರಿಯಾ ಎಂಬ ಎರಡು ಚರ್ಚುಗಳು 1123ರ ಡಿಸೆಂಬರಿನಲ್ಲಿ ಒಂದರ ಮರುದಿನ ಇನ್ನೊಂದು ಪ್ರತಿಷ್ಠೆಯಾದವು. ಸಾಂತ್ ಕ್ಲಿಮೆಂತ್‌ನ ಬಲಿಪೀಠದ ಹಿಂದಿನ ಅರ್ಧಗುಮ್ಮಟದಲ್ಲಿ ನೀಲಿ ಹಿನ್ನೆಲೆಯ ಮೇಲೆ, ತೆರೆದ ಪುಸ್ತಕ ಹಿಡಿದು ಆಶೀರ್ವದಿಸುವ ಕ್ರಿಸ್ತನ ಬೃಹತ್ ಚಿತ್ರವಿತ್ತು. 20ನೇ ಶತಮಾನದ ಆರಂಭದಲ್ಲಿ ಕಲಾವ್ಯಾಪಾರಿಗಳು ಆ ಸೀಮೆಯ ಬಡ ಚರ್ಚುಗಳ ಚಿತ್ರಗಳನ್ನು ಕೊಂಡು ವಿದೇಶಕ್ಕೆ ಸಾಗಿಸತೊಡಗಿದರು. ಸಾಂತ ಮರಿಯಾ ದೆ ಮುರ್ ಚರ್ಚಿನ ಚಿತ್ರಗಳು ಹಾಗೆಯೇ ಅಮೆರಿಕದ ಬಾಸ್ಟನ್ ಸೇರಿದವು. ಇನ್ನಷ್ಟು ಕಳೆದುಹೋಗಬಾರದೆಂದು, 1919ರಿಂದ 1923ರ ನಡುವೆ ಇಟಲಿಯ ಪರಿಣತರನ್ನು ಕರೆಸಿ ಕಣಿವೆಯ ಹಲವು ಚರ್ಚುಗಳ ಚಿತ್ರಗಳನ್ನು ಬಿಡಿಸಿ ಬಾರ್ಸಿಲೋನಾಕ್ಕೆ ತಂದರು. ಚಿತ್ರದ ಮೇಲೆ ಪ್ರಾಣಿಜನ್ಯ ಅಂಟು ಬಳಿದು ಬಟ್ಟೆಯನ್ನು ಪದರಪದರವಾಗಿ ಅಂಟಿಸುತ್ತಾರೆ. ಅಂಟು ಒಣಗಿ ಬಿಗಿಯಾದಾಗ ಬಣ್ಣದ ತೆಳು ಪದರ ಗೋಡೆಯಿಂದ ಬಿಟ್ಟುಕೊಳ್ಳುತ್ತದೆ. ಬಟ್ಟೆಯನ್ನು ಜಾಗ್ರತೆಯಿಂದ ಎಳೆದು ಸುರುಳಿ ಸುತ್ತಿ ಒಯ್ದು, ಹಿಂಬದಿಗೆ ಹೊಸ ಬಟ್ಟೆ ಅಂಟಿಸಿ, ಮುಂದಿನ ಅಂಟನ್ನು ಬಿಸಿನೀರಿನಿಂದ ಕರಗಿಸಿ ತೆಗೆಯುತ್ತಾರೆ.

ಸರಿಯೇ ಎಂಬ ಪ್ರಶ್ನೆಗೆ ನಮ್ಮ ಉತ್ತರ, ಆಗಿನ ಸ್ಥಿತಿಯಲ್ಲಿ ಸರಿ ಎಂಬುದು. ಊರಿನವರಿಗಾದ ನಷ್ಟವನ್ನು ಕಡಿಮೆಯೆಂದು ಹೇಳುತ್ತಿಲ್ಲ. ಆದರೆ ಕೊಳ್ಳುವವರು ಬಾಗಿಲಲ್ಲಿ ನಿಂತಿದ್ದಾಗ, ಕಾಯ್ದುಕೊಳ್ಳಲು ಕಾನೂನೂ ಹಣವೂ ಸಾಲದಿದ್ದಾಗ, ನಾಡಿನೊಳಗೇ ಉಳಿದದ್ದು ದೊಡ್ಡ ಸಂಗತಿ. ಹಾಗೆ ಉಳಿಯದಿದ್ದರೆ ಏನಾಗುತ್ತಿತ್ತೆಂಬುದಕ್ಕೆ ಸೋರಿಯಾ ಪ್ರಾಂತದ ಸಾನ್ ಬೌದೇಲಿಯೊ ಎಂಬ 11ನೇ ಶತಮಾನದ ಪುಟ್ಟ ಚರ್ಚು ಸಾಕ್ಷಿ. ನಡುವಿನ ಒಂದೇ ಕಂಬದಿಂದ ಈಚಲ ಮರದ ಗರಿಗಳಂತೆ ಎಂಟು ಕಮಾನುಗಳು ಚಿಮ್ಮಿ ಚಾವಣಿಯನ್ನು ಹೊತ್ತಿರುವ ಆ ಕಟ್ಟಡದ ಗೋಡೆಗಳ ಮೇಲೆ ಒಂಟೆ, ಕರಡಿ, ಬೆನ್ನಮೇಲೆ ಕೋಟೆ ಹೊತ್ತ ಆನೆ ಮೊದಲಾದ ಚಿತ್ರಗಳಿದ್ದವು. 1920ರ ದಶಕದಲ್ಲಿ ಅವು ಮಾರಾಟವಾಗಿ ಅಮೆರಿಕಕ್ಕೆ ಹೋದವು. ಅವುಗಳಲ್ಲಿ ಆರು ಭಾಗಗಳು 1957ರಲ್ಲಿ ಮಾದ್ರಿದ್‌ನ ಪ್ರಾದೊ ಸಂಗ್ರಹಾಲಯಕ್ಕೆ ಮರಳಿದವು, ಆನೆಯೂ ಅವುಗಳಲ್ಲೊಂದು. ಆದರೆ ಅದಕ್ಕೆ ಬದಲಾಗಿ ಸೆಗೋವಿಯಾ ಪ್ರಾಂತದ ಫುವೆಂತಿದುವೆನ್ಯಾ ಹಳ್ಳಿಯ ಸಾನ್ ಮಾರ್ತಿನ್ ಚರ್ಚಿನ ಬಲಿಪೀಠದ ಭಾಗವನ್ನೇ, 3000ಕ್ಕೂ ಹೆಚ್ಚು ಕಲ್ಲುಗಳಾಗಿ ಬಿಚ್ಚಿ ನ್ಯೂಯಾರ್ಕಿಗೆ ಕಳುಹಿಸಬೇಕಾಯಿತು.

ತಾವು ವಿದ್ಯಾರ್ಥಿಗಳಿಗೆ ಈ ಚಿತ್ರಗಳನ್ನು ತೋರಿಸುವುದಾದರೆ ಎರಡು ಛಾಯಾಚಿತ್ರಗಳನ್ನು ಒಟ್ಟಿಗೆ ತೋರಿಸಿ. ಬಾರ್ಸಿಲೋನಾದ ಕತಲಾನ್ ರಾಷ್ಟ್ರೀಯ ಕಲಾ ಸಂಗ್ರಹಾಲಯದಲ್ಲಿ ಮೂಲ ಚಿತ್ರಗಳನ್ನು ಅರ್ಧಗುಮ್ಮಟದ ಆಕಾರದ ಚೌಕಟ್ಟಿನಲ್ಲಿಯೇ ಕೂರಿಸಿರುವುದರಿಂದ ಬಣ್ಣ ಮತ್ತು ಗೆರೆಯನ್ನು ಅಲ್ಲಿ ನೋಡಬೇಕು. ಆ ಕ್ರಿಸ್ತನು ಎಷ್ಟು ಚಿಕ್ಕ, ಎಷ್ಟು ಕತ್ತಲೆಯ ಕಟ್ಟಡದಲ್ಲಿ ಅಷ್ಟು ದೊಡ್ಡವನಾಗಿ ಕಾಣುತ್ತಿದ್ದನೆಂಬುದು ತಾಉಲ್ ಚರ್ಚಿನ ಚಿತ್ರದಿಂದ ಮಾತ್ರ ತಿಳಿಯುತ್ತದೆ. ಅಲ್ಲಿ 2013ರಿಂದ ಗೋಡೆಯ ಮೇಲೆ ಬೆಳಕಿನ ಪ್ರಕ್ಷೇಪದ ಮೂಲಕ ಮೂಲ ವರ್ಣಚಿತ್ರವನ್ನು ಹಂತಹಂತವಾಗಿ ಮೂಡಿಸಿ ತೋರಿಸುವ ವ್ಯವಸ್ಥೆಯಿದೆ.